ಒಬ್ಬ ಗುರು ಕೊಟ್ಟ ಪದ: ‘ಬಾಯ್ಕಾಟ್’ ಹುಟ್ಟಿದ ಕಥೆ

ಸಂಬಂಧ ಕಡಿದುಕೊಳ್ಳುವುದನ್ನು ಹೇಳಲು ನಮ್ಮ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಮಕ್ಕಳು ‘ಟೂ’ ಬಿಡುತ್ತಾರೆ. ದೊಡ್ಡವರು ಮಾತು ಬಿಡುತ್ತಾರೆ. ಅಣ್ಣತಮ್ಮಂದಿರು ಒಬ್ಬರ ಮನೆಗೊಬ್ಬರು ಹೋಗಿಬರುವುದನ್ನು ನಿಲ್ಲಿಸುತ್ತಾರೆ. ‘ಆ ಮನೆಯ ನೀರನ್ನೂ ಮುಟ್ಟುವುದಿಲ್ಲ’ ಎಂದು ಆಣೆ ಇಡುತ್ತಾರೆ. ಊರಿಗೆ ಊರೇ ಒಂದಾಗಿ ಒಬ್ಬನನ್ನು ದೂರವಿಟ್ಟರೆ ಅದಕ್ಕೆ ‘ಬಹಿಷ್ಕಾರ’ ಎಂಬ ಸಂಸ್ಕೃತ ಮೂಲದ ಭಾರವಾದ ಪದವಿದೆ. ಇಷ್ಟೆಲ್ಲ ಇದ್ದರೂ ನಮ್ಮ ಹಳ್ಳಿಯ ಯುವಕರು ಸಭೆಯಿಂದ ಎದ್ದು ಹೊರನಡೆದಾಗ, ವಿದ್ಯಾರ್ಥಿಗಳು ತರಗತಿಗೆ ಹೋಗದಿದ್ದಾಗ, ಮತದಾರರು ಮತಗಟ್ಟೆಯತ್ತ ಸುಳಿಯದಿದ್ದಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಪದ: ‘ಬಾಯ್ಕಾಟ್’. ಇಂಗ್ಲಿಷ್ ಅರಿಯದ ಅಜ್ಜಿಗೂ ಅದರ ಅರ್ಥ ಗೊತ್ತು.

ಆದರೆ ಈ ಪದ ಮೂಲತಃ ಒಬ್ಬ ಮನುಷ್ಯನ ಹೆಸರೆಂಬುದು ಬಹಳ ಮಂದಿಗೆ ತಿಳಿದಿರಲಾರದು. ಆ ಹೆಸರನ್ನು ಕ್ರಿಯಾಪದವಾಗಿಸಿ ಲೋಕಕ್ಕೆ ಕೊಟ್ಟವರು ಒಬ್ಬ ಕಥೋಲಿಕ ಗುರು ಎಂಬುದು ಇನ್ನೂ ಕಡಿಮೆ ಜನರಿಗೆ ತಿಳಿದಿರಬಹುದು. ಅಯರ್ಲೆಂಡಿನ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ಹುಟ್ಟಿದ ಈ ಪದದ ಕಥೆಯನ್ನು, ಪ್ರಿಯ ಓದುಗರೇ, ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಕಥೆ ರೋಚಕವಾಗಿದೆ, ಜೊತೆಗೆ ಅದು ನಮ್ಮೆಲ್ಲರ ಮುಂದೆ ಒಂದು ಕಠಿಣ ಪ್ರಶ್ನೆಯನ್ನೂ ಇಡುತ್ತದೆ. ಮತ್ತೊಬ್ಬರೊಡನೆ ನಂಟು ಕಡಿಯುವುದು ಯಾವಾಗ ನ್ಯಾಯ, ಯಾವಾಗ ಕ್ರೌರ್ಯ?

ಒಕ್ಕಲುಗಳ ನಾಡು

ಹತ್ತೊಂಬತ್ತನೆಯ ಶತಮಾನದ ಅಯರ್ಲೆಂಡನ್ನು ಅರ್ಥಮಾಡಿಕೊಳ್ಳಲು ನಾವು ಹೆಚ್ಚು ದೂರ ಹೋಗಬೇಕಾಗಿಲ್ಲ. ಧಣಿ, ಒಕ್ಕಲು, ಗೇಣಿ ಎಂಬ ಮಾತುಗಳು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದವು. 1974ರಲ್ಲಿ ಭೂಸುಧಾರಣೆಯ ಕಾನೂನು ಬಿಗಿಯಾಗಿ ಜಾರಿಗೆ ಬರುವವರೆಗೂ ಕರ್ನಾಟಕದ ಎಷ್ಟೋ ಕುಟುಂಬಗಳು ತಾವು ಉಳುವ ಹೊಲಕ್ಕೆ ತಾವೇ ಪರಕೀಯರಾಗಿ ಬಾಳಿದವು. ಅಯರ್ಲೆಂಡಿನಲ್ಲೂ ಹಾಗೆಯೇ. ಭೂಮಿಯ ಬಹುಪಾಲು ಕೆಲವೇ ಜಮೀನುದಾರರ ಕೈಯಲ್ಲಿತ್ತು. ಅವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ಅನೇಕರು ತಮ್ಮ ಜಮೀನಿನ ಮುಖವನ್ನೂ ನೋಡದೆ ದೂರದಲ್ಲಿ ವಾಸಿಸುತ್ತಿದ್ದರು. ಉಳುವವರು ಹೆಚ್ಚಾಗಿ ಕಥೋಲಿಕ ಬಡವರು. ಗೇಣಿ ಕೊಡಲಾಗದಿದ್ದರೆ ಜಮೀನು ಮಾತ್ರವಲ್ಲ, ವಾಸದ ಗುಡಿಸಲನ್ನೂ ಬಿಟ್ಟು ಬೀದಿಗಿಳಿಯಬೇಕಿತ್ತು.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶಾಂತರ ಹೋದರು. ಆ ಸಂಕಟದ ನೆನಪು ಇನ್ನೂ ಹಸಿಯಾಗಿರುವಾಗಲೇ 1870ರ ದಶಕದ ಕೊನೆಯಲ್ಲಿ ಮತ್ತೆ ಬೆಳೆ ಕೈಕೊಟ್ಟಿತು. ಪಶ್ಚಿಮದ ಮೇಯೊ ಪ್ರಾಂತ್ಯದಲ್ಲಿ ಹಸಿವಿನ ಭೀತಿ ಆವರಿಸಿತು.

ಅದೇ ಮೇಯೊದಲ್ಲಿ ಹುಟ್ಟಿದವನು ಮೈಕೆಲ್ ಡೇವಿಟ್. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಅವನ ಕುಟುಂಬವನ್ನು ಒಕ್ಕಲೆಬ್ಬಿಸಲಾಗಿತ್ತು. ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋದ ಆ ಹುಡುಗ ಹನ್ನೊಂದನೆಯ ವಯಸ್ಸಿಗೆ ಹತ್ತಿಗಿರಣಿಯ ಯಂತ್ರಕ್ಕೆ ಸಿಲುಕಿ ಬಲಗೈ ಕಳೆದುಕೊಂಡ. ಇವನ ಮುಂದಾಳತ್ವದಲ್ಲಿ 1879ರ ಅಕ್ಟೋಬರಿನಲ್ಲಿ ಮೇಯೊದ ಕಾಸಲ್‌ಬಾರ್ ಪಟ್ಟಣದಲ್ಲಿ ‘ಲ್ಯಾಂಡ್ ಲೀಗ್’ ಎಂಬ ಭೂಸಂಘಟನೆ ಸ್ಥಾಪನೆಯಾಯಿತು. ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅದರ ಅಧ್ಯಕ್ಷನಾದ. ಅವನು ಸ್ವತಃ ಜಮೀನುದಾರ, ಅದೂ ಪ್ರೊಟೆಸ್ಟೆಂಟ್ ಎಂಬುದನ್ನು ಗಮನಿಸಬೇಕು. ಅಂದರೆ ಇದು ಮತದ ಜಗಳವಾಗಿರಲಿಲ್ಲ, ಅನ್ನದ ಜಗಳವಾಗಿತ್ತು.

ಗುಂಡಿಗೆ ಬದಲು ಮೌನ

ಒಕ್ಕಲೆಬ್ಬಿಸುವ ಧಣಿಯನ್ನು, ಅವನ ಏಜೆಂಟನನ್ನು ರಾತ್ರಿ ಹೊತ್ತು ಮರೆಯಿಂದ ಗುಂಡಿಟ್ಟು ಕೊಲ್ಲುವುದು ಅಯರ್ಲೆಂಡಿನಲ್ಲಿ ಅಪರೂಪವಾಗಿರಲಿಲ್ಲ. ಅದರಿಂದ ಸೇನೆ ಬರುತ್ತಿತ್ತು, ನೇಣುಗಂಬ ಏಳುತ್ತಿತ್ತು; ಬಡವನ ಬದುಕು ಮಾತ್ರ ಬದಲಾಗುತ್ತಿರಲಿಲ್ಲ. 1880ರ ಸೆಪ್ಟೆಂಬರ್ 19ರಂದು ಎನಿಸ್ ಎಂಬ ಊರಿನಲ್ಲಿ ಪಾರ್ನೆಲ್ ಭಾರೀ ಜನಸಮೂಹವನ್ನು ಉದ್ದೇಶಿಸಿ ಮಾತನಾಡಿದ. ಒಕ್ಕಲೆಬ್ಬಿಸಿದವನ ಜಮೀನನ್ನು ಆಸೆಗೆ ಬಿದ್ದು ಹಿಡಿಯುವವನನ್ನು ಏನು ಮಾಡಬೇಕು ಎಂದು ಕೇಳಿದಾಗ ಕೊಲ್ಲಬೇಕೆಂಬ ಕೂಗು ಗುಂಪಿನಿಂದ ಎದ್ದಿತು. ಪಾರ್ನೆಲ್ ಬೇರೊಂದು ದಾರಿಯನ್ನು ತೋರಿಸಿದ. ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ದೇವಾಲಯದಲ್ಲಿ ಕೂಡ ಅವನನ್ನು ಒಂಟಿಯಾಗಿಸಿ, ಹಿಂದಿನ ಕಾಲದ ಕುಷ್ಠರೋಗಿಯಿಂದ ದೂರ ಸರಿದಂತೆ ಸರಿದುಬಿಡಿ ಎಂಬುದು ಅವನ ಮಾತಿನ ಸಾರ. ಪಾಪಿಗೆ ಪಶ್ಚಾತ್ತಾಪದ ಅವಕಾಶ ನೀಡುವ, ಹೆಚ್ಚು ಕ್ರೈಸ್ತೋಚಿತವಾದ ಮಾರ್ಗ ಇದೆಂದೂ ಅವನು ಸೇರಿಸಿದ.

ಕುಷ್ಠರೋಗಿಯ ಈ ಹೋಲಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ನಾವು ಮರಳಿ ಬರಲಿದ್ದೇವೆ.

ಮಾಸ್ಕ್ ಸರೋವರದ ಕ್ಯಾಪ್ಟನ್

ಆ ಭಾಷಣ ನಡೆದು ಮೂರು ದಿನ ಕಳೆಯುವಷ್ಟರಲ್ಲಿ ಅದರ ಪ್ರಯೋಗಕ್ಕೆ ಒಬ್ಬ ವ್ಯಕ್ತಿ ಸಿಕ್ಕಿದ. ಅವನ ಹೆಸರು ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್. 1832ರಲ್ಲಿ ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದಲ್ಲಿ ಹುಟ್ಟಿದವನು. ಕೆಲವು ಕಾಲ ಸೈನ್ಯದಲ್ಲಿದ್ದು, ಬಳಿಕ ಅಯರ್ಲೆಂಡಿನಲ್ಲಿ ನೆಲೆಸಿದ. ಮೇಯೊದ ಮಾಸ್ಕ್ ಸರೋವರದ ದಡದಲ್ಲಿ ಲಾರ್ಡ್ ಅರ್ನ್ ಎಂಬ ಶ್ರೀಮಂತನ ಜಮೀನಿಗೆ ಏಜೆಂಟನಾಗಿ, ಗೇಣಿ ವಸೂಲಿ ಮಾಡುತ್ತ, ತಾನೂ ದೊಡ್ಡದೊಂದು ಹೊಲವನ್ನು ಸಾಗು ಮಾಡುತ್ತಿದ್ದ. ಜನ ಅವನನ್ನು ‘ಕ್ಯಾಪ್ಟನ್’ ಎಂದು ಕರೆಯುತ್ತಿದ್ದರು. ಅವನು ರಾಕ್ಷಸನೇನಲ್ಲ, ಆದರೆ ಬಿಗಿಮುಷ್ಟಿಯವನು. ಬೇಲಿಯ ಬಾಗಿಲು ತೆರೆದಿಟ್ಟರೆ ದಂಡ, ಕೋಳಿ ಹೊಲಕ್ಕೆ ಬಂದರೆ ದಂಡ ಎಂಬಂಥ ಅವನ ಸಣ್ಣತನಗಳು ಒಕ್ಕಲುಗಳ ಮನಸ್ಸನ್ನು ಕಹಿಯಾಗಿಸಿದ್ದವು.

ಬೆಳೆ ಕೆಟ್ಟ ಆ ವರ್ಷ ಧಣಿಯು ಗೇಣಿಯಲ್ಲಿ ಶೇಕಡಾ 10ರಷ್ಟು ಕಡಿತ ನೀಡಲು ಒಪ್ಪಿದ. ಒಕ್ಕಲುಗಳು ಕೇಳಿದ್ದು ಶೇಕಡಾ 25. ಮಾತುಕತೆ ಮುರಿಯಿತು. ಬಾಯ್ಕಾಟ್ ಹನ್ನೊಂದು ಕುಟುಂಬಗಳ ವಿರುದ್ಧ ಒಕ್ಕಲೆಬ್ಬಿಸುವ ನೋಟೀಸು ಪಡೆದ. ಸೆಪ್ಟೆಂಬರ್ 22ರಂದು ಪೊಲೀಸರ ಕಾವಲಿನಲ್ಲಿ ಅಮೀನ ನೋಟೀಸು ಹಂಚಲು ಹೊರಟ. ಮೂರು ಮನೆಗಳಿಗೆ ಕೊಟ್ಟಾಗಿತ್ತು. ನಾಲ್ಕನೆಯ ಮನೆಯ ಹೆಂಗಸು ಅದನ್ನು ಮುಟ್ಟಲು ನಿರಾಕರಿಸಿ ಅಕ್ಕಪಕ್ಕದವರಿಗೆ ಸನ್ನೆ ಕೊಟ್ಟಳು. ಸುತ್ತಲಿನ ಮಹಿಳೆಯರು ಕೆಸರು, ಸಗಣಿ, ಕಲ್ಲುಗಳೊಡನೆ ಓಡಿಬಂದರು. ಬಂದವರು ಕ್ಯಾಪ್ಟನ್‌ನ ಬಂಗಲೆಯತ್ತ ಕಾಲ್ಕಿತ್ತರು.

ಮರುದಿನದಿಂದ ಆರಂಭವಾದದ್ದೇ ಮೌನ. ಹೊಲದ ಆಳುಗಳು ಕೆಲಸ ಬಿಟ್ಟರು. ಮನೆಯ ಸೇವಕರು ಹೊರನಡೆದರು. ಕಮ್ಮಾರ ಕುದುರೆಗೆ ಲಾಳ ಕಟ್ಟಲಿಲ್ಲ. ಅಗಸಗಿತ್ತಿ ಬಟ್ಟೆ ಮುಟ್ಟಲಿಲ್ಲ. ಪತ್ರ ತರುವ ಹುಡುಗ ಬಾಗಿಲಿಗೆ ಬರಲಿಲ್ಲ. ಸಮೀಪದ ಬಾಲಿನ್‌ರೋಬ್ ಪಟ್ಟಣದ ಅಂಗಡಿಗಳು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲಿಯೇ ಕೊಳೆಯತೊಡಗಿತು. ಕ್ಯಾಪ್ಟನ್ ತನ್ನ ದುಃಸ್ಥಿತಿಯನ್ನು ವಿವರಿಸಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಅಕ್ಟೋಬರ್ 18ರಂದು ಅದು ಅಚ್ಚಾಯಿತು. ಮೇಯೊದ ಒಂದು ಮೂಲೆಯ ಸುದ್ದಿ ಸಾಮ್ರಾಜ್ಯದ ಸುದ್ದಿಯಾಯಿತು.

ಪದ ಹುಟ್ಟಿದ ಊಟದ ಮೇಜು

ಈ ಪ್ರದೇಶ ‘ದ ನೀಲ್’ ಎಂಬ ಹಳ್ಳಿಯ ಧರ್ಮಕೇಂದ್ರಕ್ಕೆ ಸೇರಿತ್ತು. ಅಲ್ಲಿನ ಗುರು ಫಾದರ್ ಜಾನ್ ಓಮ್ಯಾಲಿ. ಅವರು ಲ್ಯಾಂಡ್ ಲೀಗಿನ ಸ್ಥಳೀಯ ಮುಖಂಡರೂ ಆಗಿದ್ದರು. ತಮ್ಮ ಜನರ ಹಸಿವನ್ನು ಕಣ್ಣಾರೆ ಕಂಡಿದ್ದ ಅವರು ಜನರ ಕೋಪ ರಕ್ತಪಾತಕ್ಕೆ ತಿರುಗದಂತೆ ಕಾಯುತ್ತಿದ್ದರು. ಅಮೆರಿಕದಿಂದ ಬಂದಿದ್ದ ಜೇಮ್ಸ್ ರೆಡ್‌ಪಾತ್ ಎಂಬ ಪತ್ರಕರ್ತ ಒಂದು ದಿನ ಅವರೊಡನೆ ಊಟಕ್ಕೆ ಕುಳಿತಿದ್ದ. ಆತನಿಗೆ ಊಟ ಸೇರುತ್ತಿರಲಿಲ್ಲ. ಏನಾಯಿತೆಂದು ಗುರುಗಳು ಕೇಳಿದಾಗ, ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ ಎಂದ.

ಆವರೆಗೆ ಜನ ಈ ಕ್ರಮವನ್ನು ‘ಸಾಮಾಜಿಕ ಧರ್ಮಬಹಿಷ್ಕಾರ’ ಎಂದು ಕರೆಯುತ್ತಿದ್ದರು. ಧಣಿಯ ಅಥವಾ ಅವನ ಏಜೆಂಟನ ವಿರುದ್ಧದ ಕ್ರಮಕ್ಕೆ ಬೇರೆಯೇ ಪದ ಬೇಕೆಂದು ರೆಡ್‌ಪಾತ್‌ಗೆ ಅನಿಸಿತ್ತು. ‘ಆಸ್ಟ್ರಸಿಸಮ್’ ಎಂಬ ಮತ್ತೊಂದು ಪದವಿತ್ತು. ಪ್ರಾಚೀನ ಅಥೆನ್ಸ್ ನಗರದಲ್ಲಿ ಪ್ರಜೆಗಳು ಮಡಕೆಯ ಚೂರಿನ ಮೇಲೆ ಹೆಸರು ಗೀರಿ, ಅತಿಯಾಗಿ ಬಲಿತ ನಾಯಕನನ್ನು ಹತ್ತು ವರ್ಷ ಊರಿನಿಂದ ಹೊರಗೆ ಕಳುಹಿಸುತ್ತಿದ್ದರು. ‘ಆಸ್ಟ್ರಕಾನ್’ ಎಂದರೆ ಆ ಮಡಕೆಯ ಚೂರು. ಆದರೆ ಮೇಯೊದ ರೈತನಿಗೆ ಗ್ರೀಕ್ ಪಾಂಡಿತ್ಯ ಎಲ್ಲಿಂದ ಬರಬೇಕು? ಅದು ನಮ್ಮ ಜನರಿಗೆ ತಿಳಿಯದು ಎಂದು ಫಾದರ್ ಓಮ್ಯಾಲಿ ಒಪ್ಪಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿ, ಹಣೆಯನ್ನು ಬೆರಳಿನಿಂದ ತಟ್ಟಿ, ಅವನನ್ನು ‘ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದು ಕೇಳಿದರು. ರೆಡ್‌ಪಾತ್ ತಾನೇ ದಾಖಲಿಸಿದ ಪ್ರಸಂಗವಿದು. ಅದೇ ಅಕ್ಟೋಬರಿನಲ್ಲಿ ಅವನು ಆ ಪದವನ್ನು ಅಮೆರಿಕದ ಪತ್ರಿಕೆಯಲ್ಲಿ ಬಳಸಿದ.

ಈ ಪದದ ಯಶಸ್ಸಿಗೆ ಕಾರಣ ಸ್ಪಷ್ಟವಾಗಿದೆ. ಅದು ಗ್ರಂಥದಿಂದ ಬಂದದ್ದಲ್ಲ, ಜನರ ಕಣ್ಣೆದುರಿಗೆ ನಡೆಯುತ್ತಿದ್ದ ಘಟನೆಯಿಂದ ಬಂದದ್ದು. ತನ್ನ ಜನರಿಗೆ ಅರ್ಥವಾಗುವ ಪದವನ್ನೇ ಆಡಬೇಕೆಂಬ ಗುರುವಿನ ಕಾಳಜಿಯಿಂದ ಹುಟ್ಟಿದ್ದು. ಕೆಲವೇ ವರ್ಷಗಳಲ್ಲಿ ಫ್ರೆಂಚ್, ಜರ್ಮನ್, ಡಚ್, ರಷ್ಯನ್ ಭಾಷೆಗಳು ಅದನ್ನು ಎತ್ತಿಕೊಂಡವು. ಜಪಾನೀ ಭಾಷೆಯೂ ಅದನ್ನು ತನ್ನದಾಗಿಸಿಕೊಂಡಿತು. ಇಂದು ಅದು ಕನ್ನಡದ ನಿಘಂಟಿನ ಬಾಗಿಲಲ್ಲಿಯೂ ಕುಳಿತಿದೆ.

ಒಂದು ಗೆಡ್ಡೆಗೆ ಒಂದು ಶಿಲ್ಲಿಂಗ್

ಕ್ಯಾಪ್ಟನ್‌ನ ಬೆಳೆ ಕೊಯ್ಯಲು ಉತ್ತರದ ಕ್ಯಾವನ್, ಮಾನಹನ್ ಪ್ರಾಂತ್ಯಗಳಿಂದ ಐವತ್ತು ಮಂದಿ ಸ್ವಯಂಸೇವಕರು ಹೊರಟರು. ಇವರ ರಕ್ಷಣೆಗೆ ಸರ್ಕಾರ ಸುಮಾರು ಒಂದು ಸಾವಿರ ಸೈನಿಕರನ್ನೂ ಪೊಲೀಸರನ್ನೂ ಕಳುಹಿಸಿತು. ನವೆಂಬರ್ ತಿಂಗಳ ಮಳೆಯಲ್ಲಿ, ಕೆಸರಿನಲ್ಲಿ, ಡೇರೆಗಳಲ್ಲಿ ಎರಡು ವಾರ ಕಳೆದು ಅವರು ಆಲೂಗಡ್ಡೆ, ಟರ್ನಿಪ್ ಗೆಡ್ಡೆಗಳನ್ನು ಅಗೆದರು. ಅಗೆದ ಬೆಳೆಯ ಬೆಲೆ ಸುಮಾರು 500 ಪೌಂಡು. ಅದಕ್ಕಾದ ಖರ್ಚು ಸುಮಾರು 10,000 ಪೌಂಡು ಎಂದು ಆಗ ಲೆಕ್ಕ ಹಾಕಲಾಯಿತು. ಒಂದೊಂದು ಟರ್ನಿಪ್‌ಗೂ ಒಂದೊಂದು ಶಿಲ್ಲಿಂಗ್ ಬಿತ್ತೆಂದು ಪಾರ್ನೆಲ್ ನಗೆಯಾಡಿದ.

ಆ ದಿನಗಳಲ್ಲಿ ಒಂದು ಗುಂಡೂ ಹಾರಲಿಲ್ಲ. ಸೈನಿಕರು ಬರುವ, ಹೋಗುವ ಹಾದಿಯಲ್ಲಿ ಯಾರೂ ನಿಲ್ಲಬಾರದೆಂದು ಫಾದರ್ ಓಮ್ಯಾಲಿ ಜನರಿಗೆ ಕಟ್ಟಪ್ಪಣೆ ಮಾಡಿದ್ದರು. ಸೇನೆ ಹಿಂತಿರುಗುವ ದಿನ ರಸ್ತೆಯ ಬದಿಯಲ್ಲಿ ಒಬ್ಬಳು ಮುದುಕಿ ಮಾತ್ರ ನಿಂತಿದ್ದಳಂತೆ. ಬ್ರಿಟಿಷ್ ಸೇನೆಯನ್ನು ಹೆದರಿಸಬೇಡವೆಂದು ಹೇಳಿರಲಿಲ್ಲವೇ ಎಂದು ಗುರುಗಳು ಅವಳನ್ನು ಗದರಿದರಂತೆ. ಬಡವರ ನಗೆಗೂ ಒಂದು ಬಲವಿದೆ.

ನವೆಂಬರ್ 27ರಂದು ಕ್ಯಾಪ್ಟನ್ ಕುಟುಂಬಸಮೇತ ಮನೆ ಬಿಟ್ಟ. ಗಾಡಿ ಹೊಡೆಯಲು ಊರಿನವರು ಯಾರೂ ಒಪ್ಪದ್ದರಿಂದ ಸೇನೆಯ ಆಂಬುಲೆನ್ಸ್ ಬಂಡಿಯಲ್ಲಿ ಹೋಗಬೇಕಾಯಿತು. ಡಬ್ಲಿನ್ ಹೋಟೆಲಿನಲ್ಲಿ ಇಳಿದುಕೊಂಡರೆ ಹೋಟೆಲಿನವನಿಗೂ ಬೆದರಿಕೆಯ ಪತ್ರ ಬಂತು. ಡಿಸೆಂಬರ್ 1ರಂದು ಅವನು ಇಂಗ್ಲೆಂಡಿನತ್ತ ಹೊರಟ. ಮರುವರ್ಷವೇ, 1881ರಲ್ಲಿ, ಪ್ರಧಾನಿ ಗ್ಲ್ಯಾಡ್‌ಸ್ಟನ್ ನ್ಯಾಯಯುತ ಗೇಣಿ ಮತ್ತು ಗೇಣಿಯ ಭದ್ರತೆಯನ್ನು ಒಪ್ಪುವ ಭೂಕಾಯಿದೆಯನ್ನು ತಂದರು. ಬಡವನ ಮೌನ ಸಂಸತ್ತಿನವರೆಗೂ ಕೇಳಿಸಿತು.

ಆಯುಧ ಕೈ ಬದಲಿಸಿದಾಗ

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಯಾವುದೇ ಆಯುಧ ಅದನ್ನು ಮೊದಲು ಹಿಡಿದವನ ಕೈಯಲ್ಲಿಯೇ ಉಳಿಯುವುದಿಲ್ಲ. ಪಾರ್ನೆಲ್‌ನ ಭಾಷಣದ ಗುರಿ ಧಣಿ ಮಾತ್ರ ಆಗಿರಲಿಲ್ಲ. ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿದ ನೆರೆಯವನೂ ಆಗಿದ್ದ. ಅವನು ಕೂಡ ಹಲವು ಬಾರಿ ಬಡ ರೈತನೇ. ದಿನ ಕಳೆದಂತೆ ಒಪ್ಪಿದ ಗೇಣಿ ಕಟ್ಟಿದವನು, ಸಂಘಟನೆಗೆ ಸೇರದವನು, ದೂರವಿಟ್ಟವನಿಗೆ ಹಾಲು ಮಾರಿದವನು ಎಲ್ಲರೂ ಸಂಶಯಕ್ಕೆ ಗುರಿಯಾದರು. ಮೌನದ ಜೊತೆಗೆ ಕೆಲವೆಡೆ ಬೆದರಿಕೆ, ದನಗಳ ಅಂಗಹೀನತೆ, ಹೊಡೆತ ಕೂಡ ಸೇರಿಕೊಂಡವು.

ಜಗದ್ಗುರು ಹದಿಮೂರನೆಯ ಲಿಯೋ 1887ರಲ್ಲಿ ವಿಚಾರಣೆಗಾಗಿ ಮಾನ್ಸಿಞೋರ್ ಪರ್ಸಿಕೊ ಅವರನ್ನು ಅಯರ್ಲೆಂಡಿಗೆ ಕಳುಹಿಸಿದರು. 1888ರ ಏಪ್ರಿಲ್‌ನಲ್ಲಿ ರೋಮಿನ ಪವಿತ್ರ ಕಾರ್ಯಾಲಯವು ಬಾಯ್ಕಾಟ್ ಪದ್ಧತಿಯನ್ನು ಖಂಡಿಸಿ ಆಜ್ಞೆ ಹೊರಡಿಸಿತು. ಒಪ್ಪಿದ ಗೇಣಿ ಕೊಡಲು ಸಿದ್ಧರಿದ್ದವರನ್ನೂ, ಖಾಲಿ ಜಮೀನನ್ನು ಹಿಡಿದವರನ್ನೂ ಹೀಗೆ ಪೀಡಿಸುವುದು ನ್ಯಾಯಕ್ಕೂ ಪರಪ್ರೀತಿಗೂ ವಿರುದ್ಧವೆಂಬುದು ಅದರ ತರ್ಕ. ಹೀಗೆ ಒಬ್ಬ ಕಥೋಲಿಕ ಗುರು ನಾಮಕರಣ ಮಾಡಿದ ಕ್ರಮವನ್ನು ಎಂಟು ವರ್ಷಗಳೊಳಗೆ ರೋಮ್ ಖಂಡಿಸಿತ್ತು. ಅಯರ್ಲೆಂಡಿನ ಕಥೋಲಿಕರು ನೊಂದರು. ಹಸಿದವರ ಅಳಲು ರೋಮಿಗೆ ಸರಿಯಾಗಿ ಮುಟ್ಟಿಲ್ಲವೆಂದು ಅವರು ಭಾವಿಸಿದರು. ಕಥೋಲಿಕ ಸಂಸದರು ರಾಜಕೀಯದಲ್ಲಿ ರೋಮಿನ ಹಸ್ತಕ್ಷೇಪ ಸಲ್ಲದೆಂದು ಬಹಿರಂಗವಾಗಿ ಹೇಳಿದರು. ಯಾರು ಸರಿ? ಒಕ್ಕಲೆಬ್ಬಿಸುವ ಅನ್ಯಾಯವನ್ನು ಕಂಡವರೂ ಸರಿ. ನೆರೆಯವನನ್ನು ನೆರೆಯವನೇ ಹಿಂಡುವ ಅನ್ಯಾಯವನ್ನು ಕಂಡವರೂ ಸರಿ. ಒಂದೇ ಪದದೊಳಗೆ ಎರಡು ಬಗೆಯ ಕಾರ್ಯಗಳು ಅಡಗಿದ್ದವು.

ಆ ಎರಡನೆಯ ಬಗೆ ಎಷ್ಟು ಕರಾಳವಾಗಬಲ್ಲದು ಎಂಬುದನ್ನು ತೋರಿಸಿದ್ದು 1904ರ ಲಿಮರಿಕ್ ನಗರ. ಅಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿಕೊಂಡಿದ್ದ ಕೆಲವೇ ಯೆಹೂದಿ ಕುಟುಂಬಗಳಿದ್ದವು. ಆ ವರ್ಷದ ಜನವರಿಯಲ್ಲಿ ರಿಡೆಂಪ್ಟರಿಸ್ಟ್ ಸಭೆಯ ಗುರು ಫಾದರ್ ಜಾನ್ ಕ್ರೀಗ್ ಅವರು ಯೆಹೂದಿಗಳ ವಿರುದ್ಧ ಪ್ರಬೋಧನೆ ಮಾಡಿ ಅವರೊಡನೆ ವ್ಯವಹರಿಸಬೇಡಿರೆಂದು ಜನರಿಗೆ ಕರೆಕೊಟ್ಟರು. ಬೀದಿಯಲ್ಲಿ ಯೆಹೂದಿಗಳ ಮೇಲೆ ಹಲ್ಲೆಗಳಾದವು. ವ್ಯಾಪಾರ ನೆಲಕಚ್ಚಿ ಹಲವು ಕುಟುಂಬಗಳು ಊರು ಬಿಟ್ಟವು. ಇದನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ ಪ್ರಮುಖ ಯಾರು ಗೊತ್ತೇ? ಲ್ಯಾಂಡ್ ಲೀಗಿನ ಸ್ಥಾಪಕ, ಒಂದು ಕೈಯ ಆ ಮೈಕೆಲ್ ಡೇವಿಟ್! ಯಾವ ಆಯುಧವನ್ನು ತಾನೇ ಬಡವರ ಕೈಗೆ ಕೊಟ್ಟಿದ್ದನೋ ಅದೇ ಆಯುಧ ನಿರ್ಗತಿಕರ ಮೇಲೆ ಎರಗಿದಾಗ ಅವನು ಸುಮ್ಮನಿರಲಿಲ್ಲ. ಓಮ್ಯಾಲಿಯವರೂ ಗುರು, ಕ್ರೀಗ್ ಅವರೂ ಗುರು. ಒಬ್ಬರ ಮಾತು ದುರ್ಬಲರಿಗೆ ನೆಲೆಯಾಯಿತು. ಇನ್ನೊಬ್ಬರ ಮಾತು ದುರ್ಬಲರ ನೆಲೆಯನ್ನೇ ಕಿತ್ತಿತು. ಈ ಸತ್ಯವನ್ನು ಮರೆಮಾಚುವುದರಿಂದ ಧರ್ಮಸಭೆಗೆ ಯಾವ ಗೌರವವೂ ಬರುವುದಿಲ್ಲ. ಮುಂದೆ 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ನಾತ್ಸಿಗಳು ಯೆಹೂದಿಗಳ ಅಂಗಡಿಗಳ ಮುಂದೆ ಕಾವಲು ನಿಂತು ಗಿರಾಕಿಗಳನ್ನು ತಡೆದಾಗಲೂ ಬಳಸಿದ್ದು ಇದೇ ಪದವನ್ನು.

ನಮ್ಮ ನೆಲದಲ್ಲಿ

ಭಾರತದಲ್ಲಿ ಈ ಪದಕ್ಕೆ ದೊಡ್ಡ ಸ್ಥಾನ ದೊರೆತದ್ದು ಬಂಗಾಳದ ವಿಭಜನೆಯ ಕಾಲದಲ್ಲಿ. 1905ರ ಆಗಸ್ಟ್ 7ರಂದು ಕಲ್ಕತ್ತಾದ ಟೌನ್‌ಹಾಲಿನಲ್ಲಿ ಸೇರಿದ ಮಹಾಸಭೆ ವಿಲಾಯಿತಿ ಸರಕಿನ ಬಹಿಷ್ಕಾರವನ್ನು ಘೋಷಿಸಿತು. ಆರು ವರ್ಷಗಳ ಬಳಿಕ, 1911ರಲ್ಲಿ, ವಿಭಜನೆ ರದ್ದಾಯಿತು. ಆದರೆ ವಿಲಾಯಿತಿ ಬಟ್ಟೆಯನ್ನು ಬಲವಂತದಿಂದ ಸುಡಿಸಿದಾಗ ಅದನ್ನೇ ನಂಬಿದ್ದ ಬಡ ವ್ಯಾಪಾರಿಯ ಗತಿ ಏನು ಎಂಬ ಪ್ರಶ್ನೆಯೂ ಅಲ್ಲಿಯೇ ಎದ್ದಿತು. ರವೀಂದ್ರನಾಥ ಠಾಕೂರರ ‘ಘರೆ ಬಾಯಿರೆ’ ಕಾದಂಬರಿಯ ಒಡಲಲ್ಲಿರುವುದು ಈ ಸಂಕಟವೇ. ಅಸಹಕಾರ ಚಳವಳಿ ನಡೆಸಿದ ಗಾಂಧೀಜಿಯವರು ಕೂಡ ಎದುರಾಳಿಗೆ ನೀರು, ವೈದ್ಯರ ನೆರವಿನಂಥ ಮೂಲ ಸೇವೆಗಳನ್ನು ನಿರಾಕರಿಸುವುದು ಅಹಿಂಸೆಯಾಗಲಾರದೆಂದು ಎಚ್ಚರಿಸಿದರು.

ನಮ್ಮ ದೇಶದಲ್ಲಿ ಬಹಿಷ್ಕಾರದ ಕಹಿಯನ್ನು ಎಲ್ಲರಿಗಿಂತ ಹೆಚ್ಚು ಉಂಡವರು ದಲಿತರು. ಕ್ಯಾಪ್ಟನ್ ಬಾಯ್ಕಾಟ್ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ನಮ್ಮ ಊರುಗಳು ಈ ವಿದ್ಯೆಯಲ್ಲಿ ಪಳಗಿದ್ದವು. ಕೆರೆಯ ನೀರು ಮುಟ್ಟಿದ್ದಕ್ಕೆ, ಕೂಲಿ ಹೆಚ್ಚು ಕೇಳಿದ್ದಕ್ಕೆ, ಮಗನ ಮದುವೆಯಲ್ಲಿ ಕುದುರೆ ಏರಿಸಿದ್ದಕ್ಕೆ ಊರು ಒಂದಾಗಿ ಕೇರಿಗೆ ಕೆಲಸ ಕೊಡುತ್ತಿರಲಿಲ್ಲ, ಅಂಗಡಿಯವನು ಉಪ್ಪು ಕೊಡುತ್ತಿರಲಿಲ್ಲ. ಡಾ. ಬಿ. ಆರ್. ಅಂಬೇಡ್ಕರ್ ಅವರು 1927ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಅವರು ದಲಿತರ ಮೇಲಿನ ಬಾಯ್ಕಾಟ್ ಅನ್ನು ಶಿಕ್ಷಾರ್ಹ ಅಪರಾಧವೆಂದು ಘೋಷಿಸಬೇಕೆಂದು ಒತ್ತಾಯಿಸಿದರು. ಅದಕ್ಕೆ ಬರ್ಮಾ ದೇಶದಲ್ಲಿ 1922ರಲ್ಲಿ ಜಾರಿಗೆ ಬಂದಿದ್ದ ಬಾಯ್ಕಾಟ್ ವಿರೋಧಿ ಕಾನೂನನ್ನು ಮಾದರಿಯಾಗಿ ತೆಗೆದುಕೊಂಡರು. ಮೇಯೊದಲ್ಲಿ ಉಳುವವನ ಗುರಾಣಿಯಾಗಿದ್ದ ಪದ ಇಲ್ಲಿ ಉಳುವವನ ಕೊರಳಿಗೆ ನೇಣಾಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದು ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಸ್ಪಷ್ಟವಾಗಿ ಅಪರಾಧಗಳ ಪಟ್ಟಿಗೆ ಸೇರಿಸಲಾಯಿತು. ಬಾಬಾಸಾಹೇಬರ ಬೇಡಿಕೆ ಅಷ್ಟು ದೂರ ನಡೆದು ಬರಲು 85 ವರ್ಷಗಳೇ ಬೇಕಾದವು.

381 ದಿನಗಳ ನಡಿಗೆ

ಹಾಗಾದರೆ ನಂಟು ಕಡಿಯುವ ಈ ಕ್ರಮವನ್ನು ಪ್ರೀತಿ ಕಳೆದುಕೊಳ್ಳದೆ ನಡೆಸುವುದು ಸಾಧ್ಯವೇ? ಸಾಧ್ಯವೆಂದು ಅಮೆರಿಕದ ಮಾಂಟ್‌ಗಾಮರಿ ನಗರದ ಕಪ್ಪುಜನರು ತೋರಿಸಿಕೊಟ್ಟರು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ತನ್ನ ಆಸನ ಬಿಟ್ಟುಕೊಡದೆ ಬಂಧನಕ್ಕೊಳಗಾದಳು. ಡಿಸೆಂಬರ್ 5ರಿಂದ ಕಪ್ಪುಜನರು ಬಸ್ಸು ಹತ್ತುವುದನ್ನು ನಿಲ್ಲಿಸಿದರು. ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ ಆಗಿದ್ದರು. ಚರ್ಚುಗಳು ವಾಹನಗಳನ್ನು ಒದಗಿಸಿದವು. ಉಳಿದವರು ನಡೆದರು; ಮಳೆಯಲ್ಲಿ, ಚಳಿಯಲ್ಲಿ, ಕೆಲಸ ಮುಗಿಸಿ ದಣಿದ ಕಾಲುಗಳಲ್ಲಿ 381 ದಿನ ನಡೆದರು. ಕೊನೆಗೆ ಸುಪ್ರೀಂ ಕೋರ್ಟು ಬಸ್ಸುಗಳಲ್ಲಿನ ವರ್ಣಭೇದವನ್ನು ಅಕ್ರಮವೆಂದಿತು.

ಅವರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಆಗ ಇಪ್ಪತ್ತಾರರ ಯುವ ಬೋಧಕ. ‘ಬಾಯ್ಕಾಟ್’ ಎಂಬ ಪದ ಆತನನ್ನು ಕಾಡಿತ್ತು. ಏಕೆಂದರೆ ಕಪ್ಪುಜನರಿಗೆ ಸಾಲ, ಕೆಲಸ ನಿರಾಕರಿಸಿ ಅವರನ್ನು ಬಗ್ಗುಬಡಿಯುತ್ತಿದ್ದ ಬಿಳಿಯರ ಸಂಘಟನೆಗಳೂ ಇದೇ ಮಾರ್ಗ ಹಿಡಿದಿದ್ದವು. ನಾವೂ ಅದನ್ನೇ ಮಾಡುತ್ತಿದ್ದೇವೆಯೇ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಬಸ್ಸಿನ ಕಂಪನಿಯನ್ನು ಮುಳುಗಿಸುವುದು ನಮ್ಮ ಗುರಿಯಲ್ಲ, ನ್ಯಾಯವನ್ನು ಬಸ್ಸಿನೊಳಗೆ ತರುವುದೇ ಗುರಿ. ನಾವು ಸಹಕಾರ ಹಿಂತೆಗೆದುಕೊಳ್ಳುತ್ತಿರುವುದು ಕೆಡುಕಿನ ವ್ಯವಸ್ಥೆಯಿಂದ, ಮನುಷ್ಯರಿಂದಲ್ಲ ಎಂಬ ಉತ್ತರ ಅವರಿಗೆ ದೊರೆಯಿತು. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಿರಿ. ಈ ಹೋರಾಟದ ಬೆಲೆಯನ್ನು ಮೊದಲು ತೆತ್ತದ್ದು ಎದುರಾಳಿಯಲ್ಲ, ಬರಿಗಾಲಲ್ಲಿ ನಡೆಯುವಷ್ಟು ದಣಿದರೂ ನಡೆದ ಜನರೇ.

ಬಾಗಿಲು ತೆರೆದಿದೆಯೇ?

ಇಷ್ಟು ದೂರ ಬಂದ ಮೇಲೆ ಆರಂಭದ ಪ್ರಶ್ನೆಗೆ ಉತ್ತರವನ್ನು ಹುಡುಕಬಹುದು. ನಂಟು ಕಡಿಯುವ ಮೊದಲು ನಾವು ಮೂರು ಮಾತುಗಳನ್ನು ಕೇಳಿಕೊಳ್ಳಬೇಕು. ನಾನು ಯಾರನ್ನು ದೂರವಿಡುತ್ತಿದ್ದೇನೆ, ನನಗಿಂತ ಬಲಶಾಲಿಯನ್ನೋ ದುರ್ಬಲನನ್ನೋ? ಇದರ ಬೆಲೆಯನ್ನು ಯಾರು ತೆರುತ್ತಾರೆ? ಅವರು ಮರಳಿ ಬರಲು ಬಾಗಿಲು ತೆರೆದಿದೆಯೇ? ಮೂರರಲ್ಲಿಯೂ ಕೊನೆಯದು ಮುಖ್ಯವೆಂದು ನನ್ನ ನಂಬಿಕೆ.

ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಧರ್ಮಬಹಿಷ್ಕಾರಕ್ಕೆ ‘ಔಷಧಿಯ ಗುಣದ ಶಿಕ್ಷೆ’ ಎಂದು ಹೆಸರು. ಅದರ ಉದ್ದೇಶ ಗುಣಪಡಿಸುವುದು. ಪಶ್ಚಾತ್ತಾಪಪಟ್ಟು ಬಂದವನಿಗೆ ಆ ಶಿಕ್ಷೆಯ ವಿಮೋಚನೆಯನ್ನು ನಿರಾಕರಿಸುವಂತಿಲ್ಲ. ತಪ್ಪು ತಿದ್ದಿಕೊಳ್ಳದ ಸಹೋದರನನ್ನು ಸುಂಕದವನಂತೆ ಎಣಿಸಿರೆಂದು ಪ್ರಭು ಯೇಸು ಕಲಿಸಿದರೆಂದು ಮತ್ತಾಯನ ಶುಭಸಂದೇಶದಲ್ಲಿ ಓದುತ್ತೇವೆ. ಅದನ್ನು ಬರೆದವನೆಂದು ಪರಂಪರೆ ಹೇಳುವ ಮತ್ತಾಯನು ಸ್ವತಃ ಸುಂಕದವನು! ಪ್ರಭು ಅವನನ್ನು ಕರೆದರು, ಅವನ ಮನೆಯಲ್ಲಿ ಊಟಕ್ಕೆ ಕುಳಿತರು. ಪಾರ್ನೆಲ್‌ನ ಮಾತಿನಲ್ಲಿ ಬಂದ ಆ ಕುಷ್ಠರೋಗಿಯನ್ನು ಈಗ ನೆನಪಿಸಿಕೊಳ್ಳಿ. ಲೋಕವೆಲ್ಲ ದೂರ ಸರಿದಾಗ ಯೇಸು ಕೈಚಾಚಿ ಅವನನ್ನು ಮುಟ್ಟಿದರು. ಆದ್ದರಿಂದ ಕ್ರೈಸ್ತನಿಗೆ ಅನ್ಯಾಯದಿಂದ ದೂರ ನಿಲ್ಲುವ ಹಕ್ಕು ಇದೆ. ಮನುಷ್ಯನನ್ನು ಕುಷ್ಠರೋಗಿಯಾಗಿಸುವ ಹಕ್ಕು ಇಲ್ಲ.

ಇದು ಅಯರ್ಲೆಂಡಿಗೋ ಅಮೆರಿಕಕ್ಕೋ ಸೀಮಿತವಾದ ಮಾತಲ್ಲ. ಬೇರೆ ಜಾತಿಯಲ್ಲಿ, ಬೇರೆ ಮತದಲ್ಲಿ ಮದುವೆಯಾದ ಮಗಳ ಫೋನ್ ಎತ್ತದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಆಸ್ತಿಯ ಪಾಲಿನಲ್ಲಿ ಅರ್ಧ ಗುಂಟೆಗೆ ಜಗಳವಾಡಿ, ಒಂದೇ ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ಮುಖ ತಿರುಗಿಸುವ ಅಣ್ಣತಮ್ಮಂದಿರಿಲ್ಲವೇ? ಅವರು ಯಾವ ಅನ್ಯಾಯದ ವಿರುದ್ಧ ಹೋರಾಡುತ್ತಿದ್ದಾರೆ? ಆ ಮೌನದ ಬೆಲೆಯನ್ನು ತೆರುತ್ತಿರುವವರು ಯಾರು? ಹೆಚ್ಚಾಗಿ ಏನೂ ಅರಿಯದ ಮೊಮ್ಮಕ್ಕಳು, ಇಬ್ಬರ ನಡುವೆ ನಲುಗುವ ಮುದಿ ತಾಯಿ.

ಕ್ಯಾಪ್ಟನ್ ಬಾಯ್ಕಾಟ್ ಮುಂದೆ ಏನಾದ ಎಂದು ನೀವು ಕೇಳಬಹುದು. ಅವನು 1881ರಲ್ಲಿ ಮತ್ತೆ ಮಾಸ್ಕ್ ಸರೋವರಕ್ಕೆ ಬಂದ. ಆ ಸೆಪ್ಟೆಂಬರಿನಲ್ಲಿ ಜನ ಅವನನ್ನು ಮುತ್ತಿಗೆ ಹಾಕಿ ಅವನ ಪ್ರತಿಕೃತಿಯನ್ನು ಸುಟ್ಟರು. ಆದರೆ ನಿಧಾನವಾಗಿ ಸಿಟ್ಟು ಇಳಿಯಿತು. ಇನ್ನೂ ಕೆಲವು ವರ್ಷ ಅಲ್ಲಿಯೇ ಬಾಳಿ, 1886ರಲ್ಲಿ ಇಂಗ್ಲೆಂಡಿನ ಸಫಕ್ ಪ್ರಾಂತ್ಯಕ್ಕೆ ಬೇರೊಂದು ಕೆಲಸಕ್ಕೆ ಹೋದ. 1897ರ ಜೂನ್ 19ರಂದು ತೀರಿಕೊಂಡ. ಆ ಹನ್ನೊಂದು ವರ್ಷಗಳಲ್ಲಿ ರಜೆ ಬಂದಾಗ ಅವನು ಹೋಗುತ್ತಿದ್ದದ್ದು ಎಲ್ಲಿಗೆ ಬಲ್ಲಿರಾ? ಅಯರ್ಲೆಂಡಿಗೆ. ಅವನನ್ನು ಓಡಿಸಿದ ನಾಡು ಅವನನ್ನು ಮತ್ತೆ ಒಳಗೆ ಬಿಟ್ಟುಕೊಂಡಿತ್ತು.

ಅವನ ಹೆಸರನ್ನು ನಿಘಂಟುಗಳು ಹೊರಗಿಡುವ ಕ್ರಿಯೆಗೆ ಕೊಟ್ಟಿವೆ. ಒಳಗೆ ಬಿಟ್ಟುಕೊಂಡ ಆ ಜನರ ಕಾರ್ಯಕ್ಕೆ ಯಾವ ಗುರುವೂ ಹೊಸ ಪದವನ್ನು ಟಂಕಿಸಲಿಲ್ಲ. ಟಂಕಿಸುವ ಅಗತ್ಯವೂ ಇರಲಿಲ್ಲ; ಅದಕ್ಕೆ ಕ್ಷಮೆ ಎಂಬ ಹಳೆಯ ಹೆಸರೇ ಸಾಕು.